ಬೀಗದ ಕೈ ಕೈಕೊಟ್ಟಾಗ

2021ರ ನವೆಂಬರ್ 19, ಶುಕ್ರವಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಚೇರಿ ಬಿಡುವ ಹೊತ್ತು. ಟೆಸ್ಲಾ ಕಾರುಗಳ ಹಲವು ಮಾಲೀಕರು ತಮ್ಮ ಫೋನಿನ ಆ್ಯಪ್ ತೆರೆದರೆ, ಸರ್ವರ್ ದೋಷವನ್ನು ಸೂಚಿಸುವ 500 ಎಂಬ ಸಂಖ್ಯೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಮಾಲೀಕರೊಬ್ಬರು ಇದನ್ನು ಟ್ವಿಟರ್‌ನಲ್ಲಿ ಬರೆದಾಗ ಸ್ವತಃ ಈಲಾನ್ ಮಸ್ಕ್ ಉತ್ತರಿಸಿ, ಪರಿಶೀಲಿಸುತ್ತಿರುವುದಾಗಿ ತಿಳಿಸಿದರು. ಕೆಲವು ಗಂಟೆಗಳ ಬಳಿಕ ಸೇವೆ ಮರಳಿತು. ಜಾಲದಲ್ಲಿ ಹರಿಯುವ ಮಾಹಿತಿಯ ಪ್ರಮಾಣವನ್ನು ತಮ್ಮವರೇ ಅಕಸ್ಮಾತ್ತಾಗಿ ಹೆಚ್ಚಿಸಿಬಿಟ್ಟಿರಬಹುದು ಎಂದು ಹೇಳಿ ಅವರು ಕ್ಷಮೆ ಕೇಳಿದರು. ಕಾರಿನ ಪಕ್ಕದಲ್ಲೇ ನಿಂತೂ ಒಳಗೆ ಹೋಗಲಾಗದವರ ದೂರುಗಳು ಅಂದು ಪತ್ರಿಕೆಗಳಲ್ಲಿ ಸುದ್ದಿಯಾದವು. ಜೇಬಿನಲ್ಲಿ ಕಾರಿನ ಕಾರ್ಡು ಇಟ್ಟುಕೊಂಡಿದ್ದವರಿಗೆ ಮಾತ್ರ ಇಂಥದೊಂದು ಘಟನೆ ನಡೆದದ್ದೇ ಮರುದಿನ ತಿಳಿದಿರಬೇಕು.

ಆಗ ನಾನು ಈ ಸುದ್ದಿಯನ್ನು ಓದಿ ಮರೆತಿದ್ದೆ. ಅದೇ ಕಾರು, ಅದೇ ಆ್ಯಪ್. ಕೆಲವರು ಒಳಗೆ, ಕೆಲವರು ಹೊರಗೆ ಏಕೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ, ನಾನೇ ಹೊರಗೆ ನಿಂತಾಗ.

ಕ್ಯಾಲಿಫೋರ್ನಿಯಾದ ಬಿಗ್ ಸರ್ ಕರಾವಳಿಯನ್ನು ಕಂಡವರಿಗೆ ಗೊತ್ತು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ದಾರಿ. ಮೊಬೈಲ್ ಸಿಗ್ನಲ್ ಅಲ್ಲಿ ಮೈಲುಗಟ್ಟಲೆ ಇರುವುದಿಲ್ಲ. ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಕಾರಿನ ಬೀಗದ ಕೈ ನನ್ನ ಫೋನೇ ಆಗಿತ್ತು. ಕಾರಿನೊಂದಿಗೆ ಕೊಟ್ಟಿದ್ದ ಎರಡು ಕಾರ್ಡುಗಳೂ ಮನೆಯ ಮೇಜಿನ ಸೆಳೆಖಾನೆಯಲ್ಲಿ, ಬಂದಂದಿನ ಲಕೋಟೆಯಲ್ಲೇ, ಕ್ಷೇಮವಾಗಿದ್ದವು. ಬೆಳಗಿನಿಂದ ಚಿತ್ರ ತೆಗೆದೂ ತೆಗೆದೂ ಹಳೆಯ ಫೋನಿನ ಬ್ಯಾಟರಿ ಸಮುದ್ರದಂಡೆಯಲ್ಲೇ ಮುಗಿಯಿತು. ನಾನು ಗಾಬರಿಯಾಗಲಿಲ್ಲ. ಹೆಂಡತಿಯ ಫೋನಿನಲ್ಲೂ ಅದೇ ಆ್ಯಪ್ ಇತ್ತು, ಅದೇ ಖಾತೆ ಇತ್ತು, ಬ್ಯಾಟರಿಯೂ ಮುಕ್ಕಾಲು ಪಾಲು ತುಂಬಿತ್ತು. ಆದರೆ ಅವಳು ಬೀಗದ ಚಿತ್ರವನ್ನು ಎಷ್ಟು ಸಲ ಒತ್ತಿದರೂ ಪರದೆಯ ಮೇಲಿನ ಚಕ್ರ ಸುತ್ತುತ್ತಿತ್ತೇ ಹೊರತು ಬಾಗಿಲು ಅಲುಗಲಿಲ್ಲ. ಗಾಳಿ ಜೋರಾಗಿತ್ತು. ಅಮ್ಮನ ಸ್ವೆಟರೂ ರಕ್ತದೊತ್ತಡದ ಮಾತ್ರೆಯೂ ಗಾಜಿನಾಚೆ ಹಿಂದಿನ ಸೀಟಿನ ಮೇಲೆ ಕಾಣುತ್ತಿದ್ದವು. "ಇನ್ನೊಂದು ಕೈ ಎಲ್ಲಾದ್ರೂ ಇಟ್ಟಿಲ್ವೇನೋ?" ಎಂದು ಅಮ್ಮ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಗಂಟೆಗೂ ಹೆಚ್ಚು ಕಾಲದ ನಂತರ ಕ್ಯಾಂಪರ್ ವ್ಯಾನಿನಲ್ಲಿ ಬಂದ ವೃದ್ಧ ದಂಪತಿ ಚಾರ್ಜರ್ ಕೊಟ್ಟರು. ಹತ್ತು ನಿಮಿಷದಲ್ಲಿ ನನ್ನ ಫೋನು ಜೀವ ಹಿಡಿಯಿತು. ಆಗಲೂ ಸಿಗ್ನಲ್ ಇರಲಿಲ್ಲ. ಫೋನನ್ನು ಹಿಡಿದು ಕಾರಿನ ಹತ್ತಿರ ಹೋದೆ; ಬಾಗಿಲು ತೆರೆಯಿತು.

ಸಿಗ್ನಲ್ ಇಲ್ಲದೆಯೇ ನನ್ನ ಫೋನಿಗೆ ತೆರೆದ ಬಾಗಿಲು ಹೆಂಡತಿಯ ಫೋನಿಗೆ ಏಕೆ ತೆರೆಯಲಿಲ್ಲ? ಕಾರಣ ಸರಳ. ಕಾರು ಕೊಂಡ ದಿನ ನನ್ನ ಫೋನನ್ನು ಕಾರಿನೊಂದಿಗೆ ಬ್ಲೂಟೂತ್ ಮೂಲಕ ಜೋಡಿಸಿದ್ದೆ. ಆ ಜೋಡಣೆಯ ವೇಳೆ ಒಂದು ಗುಪ್ತ ಸಂಕೇತ ನನ್ನ ಫೋನಿನಲ್ಲಿ ಉಳಿಯಿತು, ಅದನ್ನು ಗುರುತಿಸುವ ಶಕ್ತಿ ಕಾರಿಗೆ ಬಂತು. ಆ ಮೇಲೆ ಇವೆರಡರ ನಡುವಿನ ವ್ಯವಹಾರ ನೇರ. ಮೂರನೆಯವರ ಅಪ್ಪಣೆ ಬೇಕಿಲ್ಲ. ಹೆಂಡತಿಯ ಫೋನಿನಲ್ಲಿ ನಾವು ಆ್ಯಪ್ ಹಾಕಿ ಖಾತೆಗೆ ಲಾಗಿನ್ ಆಗಿದ್ದೆವು, ಅಷ್ಟೇ. ಅವಳು ಗುಂಡಿ ಒತ್ತಿದಾಗ ಆ ಕೋರಿಕೆ ಮೊದಲು ಮೊಬೈಲ್ ಗೋಪುರಕ್ಕೆ, ಅಲ್ಲಿಂದ ಅಂತರಜಾಲದ ಮೂಲಕ ತಯಾರಕರ ಸರ್ವರ್‌ಗೆ ಹೋಗಬೇಕು. ಸರ್ವರ್ ಖಾತೆಯನ್ನು ಪರಿಶೀಲಿಸಿ, ಮತ್ತೊಂದು ಮೊಬೈಲ್ ಜಾಲದ ಮೂಲಕ ಕಾರಿನೊಳಗಿನ ಮೋಡೆಮ್‌ಗೆ ಆದೇಶ ಕಳಿಸಬೇಕು. ಮೂರು ಅಡಿ ದೂರದ ಬಾಗಿಲು ತೆರೆಯಲು ನೂರಾರು ಮೈಲಿಯ ಪ್ರಯಾಣ. ಒಂದು ಕೊಂಡಿ ಕಳಚಿದರೂ ಚಕ್ರ ಸುತ್ತುತ್ತಲೇ ಇರುತ್ತದೆ.

ಕನ್ನಡದಲ್ಲಿ ನಾವು ಇದನ್ನು ಬೀಗದ ಕೈ ಎನ್ನುತ್ತೇವೆ; ಉತ್ತರ ಕರ್ನಾಟಕದವರು ಕೀಲಿಕೈ ಎನ್ನುತ್ತಾರೆ, ಚಾವಿ ಎನ್ನುವವರೂ ಉಂಟು. ಕೈ ಎಂಬ ಮಾತಿನಲ್ಲಿಯೇ ಅದರ ಸ್ವಭಾವವಿದೆ: ಅದು ಬೀಗವನ್ನು ಮುಟ್ಟುತ್ತದೆ. ಆ ಅರ್ಥದಲ್ಲಿ ನನ್ನ ಫೋನು ಬೀಗದ ಕೈ. ಹೆಂಡತಿಯ ಫೋನಿನಲ್ಲಿದ್ದದ್ದು ಕೈಯಲ್ಲ, ಅರ್ಜಿ. ಬಾಗಿಲು ತೆರೆಯಬೇಕೆಂದು ದೂರದ ಕಚೇರಿಗೆ ಸಲ್ಲಿಸುವ ಅರ್ಜಿ. ದಿನನಿತ್ಯ ಅದು ಎರಡು ಮೂರು ಸೆಕೆಂಡಿನಲ್ಲಿ ಮಂಜೂರಾಗುವುದರಿಂದ ಅದೂ ಕೈಯೇ ಎಂಬ ಭ್ರಮೆ ನಮಗೆ. ಆ್ಯಪ್ ರೂಪಿಸಿದವರು ಎರಡಕ್ಕೂ ಒಂದೇ ಪರದೆ, ಒಂದೇ ಗುಂಡಿ ಕೊಟ್ಟು ಆ ಭ್ರಮೆಯನ್ನು ಗಟ್ಟಿಮಾಡಿದ್ದಾರೆ. ಜಾಲ ಕೈಕೊಟ್ಟ ದಿನ ಮಾತ್ರ ಇವೆರಡೂ ಬೇರೆಬೇರೆಯಾಗಿ ಕಾಣುತ್ತವೆ.

ಇದು ನನ್ನೊಬ್ಬನ ಅಜಾಗ್ರತೆ ಎಂದು ತಳ್ಳಿಹಾಕುವ ಹಾಗಿಲ್ಲ. 2017ರ ಜನವರಿಯಲ್ಲಿ ಲಾಸ್ ವೇಗಸ್ ಸಮೀಪದ ರೆಡ್ ರಾಕ್ ಕಣಿವೆಯಲ್ಲಿ ದಂಪತಿಯೊಬ್ಬರು ಹೀಗೆಯೇ ಸಿಕ್ಕಿಬಿದ್ದರು. ಮನೆಯಿಂದ ಹೊರಡುವಾಗ ಫೋನಿನಿಂದಲೇ ಕಾರು ಚಾಲೂ ಮಾಡಿದ್ದರು, ಕೀ ಮನೆಯಲ್ಲೇ ಇತ್ತು. ಕಣಿವೆಯಲ್ಲಿ ಒಮ್ಮೆ ಕೆಳಗಿಳಿದ ಮೇಲೆ ಸಿಗ್ನಲ್ ಇಲ್ಲದೆ ಕಾರು ಮತ್ತೆ ಹೊರಡಲಿಲ್ಲ. ಸಿಗ್ನಲ್ ಸಿಗುವವರೆಗೆ ಹೆಂಡತಿ ಸುಮಾರು ಎರಡು ಮೈಲಿ ಓಡಬೇಕಾಯಿತು. 2020ರ ಫೆಬ್ರವರಿಯಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಹಳ್ಳಿಗಾಡಿನಲ್ಲಿ ಪತ್ರಕರ್ತೆಯೊಬ್ಬರು ಗಿಗ್ ಎಂಬ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಕಾರು ಇದೇ ಕಾರಣಕ್ಕೆ ನಿಂತುಹೋಗಿ, ಹಲವು ಗಂಟೆಗಳೂ ಎರಡು ಟೋ ಟ್ರಕ್‌ಗಳೂ ವ್ಯಯವಾದವು. ಎರಡರಲ್ಲೂ ಕಾರು ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ.

ಇವು ಸಿಗ್ನಲ್ ಎಂದೂ ಇರದ ಜಾಗಗಳ ಕಥೆ. ಸಿಗ್ನಲ್ ಸದಾ ಇರುವ ಜಾಗದಲ್ಲೂ ಅದು ಒಮ್ಮೊಮ್ಮೆ ಒಂದು ದೇಶದ ಅಳತೆಯಲ್ಲಿ ಹೋಗುತ್ತದೆ. 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಜಾಲ ಕುಸಿದಾಗ 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಡೆಬಿಟ್ ಕಾರ್ಡಿನ ವ್ಯವಹಾರವೂ ನಿಂತಿತು. 2023ರ ನವೆಂಬರ್ 8ರಂದು ಆಸ್ಟ್ರೇಲಿಯಾದಲ್ಲಿ ಆಪ್ಟಸ್ ಸರದಿ. 2024ರ ಫೆಬ್ರವರಿ 22ರಂದು ಅಮೆರಿಕದ ಎಟಿ ಆ್ಯಂಡ್ ಟಿ ಜಾಲ 12 ಗಂಟೆಗೂ ಹೆಚ್ಚು ಕಾಲ ಏರುಪೇರಾಯಿತು. ಸಂಪರ್ಕ ನಿಯಂತ್ರಣ ಆಯೋಗದ ವರದಿಯ ಪ್ರಕಾರ 12.5 ಕೋಟಿಗೂ ಹೆಚ್ಚು ಸಾಧನಗಳು ತೊಂದರೆಗೊಳಗಾದವು, ತುರ್ತು ಸಂಖ್ಯೆ 911ಕ್ಕೆ ಮಾಡಿದ 25,000ಕ್ಕೂ ಹೆಚ್ಚು ಕರೆಗಳು ತಲುಪಲೇ ಇಲ್ಲ. ಕಾರಣ, ಜಾಲ ವಿಸ್ತರಣೆಯ ವೇಳೆ ಆದ ಒಂದು ಹೊಂದಾಣಿಕೆಯ ತಪ್ಪು. ಅಮೆರಿಕದ ಅನೇಕ ಕಾರುಗಳೊಳಗಿನ ಮೋಡೆಮ್‌ಗಳು ಇದೇ ಕಂಪನಿಯ ಜಾಲವನ್ನು ಆಶ್ರಯಿಸಿವೆ. ಆದ್ದರಿಂದ ನಿಮ್ಮ ಫೋನು ಬೇರೆ ಕಂಪನಿಯದಾಗಿದ್ದು ಅದರಲ್ಲಿ ಸಿಗ್ನಲ್ಲಿನ ಗೀಟುಗಳು ಪೂರ್ತಿ ಇದ್ದರೂ, ಕಾರಿನ ಕಡೆಯ ದಾರಿ ಕಡಿದಿರಬಹುದು. ಸರ್ವರುಗಳ ಕಥೆಯೂ ಹೀಗೆಯೇ. 2025ರ ಅಕ್ಟೋಬರ್ 20ರಂದು ಉತ್ತರ ವರ್ಜೀನಿಯಾದ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಹೆಸರು–ವಿಳಾಸಗಳ ದಾಖಲೆಯೊಂದು ಕೆಟ್ಟು, ಜಗತ್ತಿನಾದ್ಯಂತ ಪರಸ್ಪರ ಸಂಬಂಧವೇ ಇಲ್ಲದ ನೂರಾರು ಸೇವೆಗಳು ಒಟ್ಟಿಗೆ ಮಲಗಿದವು. ತಮ್ಮ ಆ್ಯಪ್ ಯಾರ ಅಂಗಳದಲ್ಲಿ ಬಾಡಿಗೆಗಿದೆ ಎಂಬುದು ಬಳಕೆದಾರರಿಗೆ ತಿಳಿಯುವುದು ಇಂಥ ದಿನಗಳಲ್ಲೇ.

ವಿದ್ಯುತ್ ಹೋದಾಗ ಏನಾಗುತ್ತದೆ ಎಂಬುದು ಇನ್ನೂ ಗಂಭೀರ ಪ್ರಶ್ನೆ, ಏಕೆಂದರೆ ಆಗಲೇ ಜನರಿಗೆ ಕಾರು ಬೇಕಾಗುವುದು. 2019ರ ಅಕ್ಟೋಬರ್ ಕೊನೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿ ಲಕ್ಷಾಂತರ ಮನೆಗಳ ಪೂರೈಕೆಯನ್ನು ತಾನೇ ಕಡಿತಗೊಳಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರೀನ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಗೋಪುರಗಳು ಸ್ತಬ್ಧವಾದವು. ಮನೆಯ ವೈಫೈ ಇಲ್ಲ, ಫೋನು ಚಾರ್ಜ್ ಮಾಡಲು ಕರೆಂಟಿಲ್ಲ, ಊರು ಬಿಟ್ಟು ಹೊರಡಬೇಕೆಂಬ ಸೂಚನೆ ಯಾವ ಗಳಿಗೆಯಲ್ಲಾದರೂ ಬರಬಹುದು. ಮರುವರ್ಷ ರಾಜ್ಯದ ಸಾರ್ವಜನಿಕ ಸೌಲಭ್ಯಗಳ ಆಯೋಗ, ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳ ಗೋಪುರಗಳಿಗೆ 72 ಗಂಟೆಗಳ ಪರ್ಯಾಯ ವಿದ್ಯುತ್ತಿನ ವ್ಯವಸ್ಥೆ ಇರಬೇಕೆಂದು ವಿಧಿಸಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ದೇಶಗಳು ಕತ್ತಲಾದಾಗಲೂ ಗೋಪುರಗಳ ಬ್ಯಾಟರಿ ಮುಗಿಯುತ್ತ ಬಂದಂತೆ ಫೋನುಗಳು ಒಂದೊಂದಾಗಿ ಮೂಕವಾದವು. ಇಂಥ ರಾತ್ರಿ, ಫೋನಿನ ಬ್ಯಾಟರಿಯನ್ನು ಸುದ್ದಿಗೆ ಬಳಸುವುದೋ, ಮನೆಯವರೊಂದಿಗೆ ಮಾತಿಗೋ, ಇಲ್ಲವೇ ಕಾರಿನ ಬಾಗಿಲಿಗೋ ಎಂದು ಲೆಕ್ಕ ಹಾಕಬೇಕಾದ ಸ್ಥಿತಿಯನ್ನು ನಮಗೆ ನಾವೇ ತಂದುಕೊಂಡಿದ್ದೇವೆ.

ತಂತ್ರಜ್ಞಾನದಲ್ಲಿ ಇದಕ್ಕೆ ಉತ್ತರವಿಲ್ಲವೆಂದಲ್ಲ. ಕಾರು ಮತ್ತು ಫೋನು ತಯಾರಕರು ಸೇರಿ ಕಟ್ಟಿಕೊಂಡಿರುವ ಕಾರ್ ಕನೆಕ್ಟಿವಿಟಿ ಕನ್ಸಾರ್ಟಿಯಂ ಎಂಬ ಒಕ್ಕೂಟ ಡಿಜಿಟಲ್ ಕೀಗೆ ಒಂದು ಸಾಮಾನ್ಯ ಮಾನದಂಡವನ್ನು ರೂಪಿಸಿದೆ. ಅದರಂತೆ ಗುಪ್ತ ಸಂಕೇತ ಫೋನಿನೊಳಗೆ ಪ್ರತ್ಯೇಕವಾದ ಸುರಕ್ಷಿತ ಚಿಪ್ಪಿನಲ್ಲಿ ನೆಲೆಸುತ್ತದೆ. ಬಾಗಿಲು ತೆರೆಯಲು ಅಂತರಜಾಲ ಬೇಡ. 2020ರಲ್ಲಿ ಆ್ಯಪಲ್ ಮೊದಲಿಗೆ ಬಿಎಂಡಬ್ಲ್ಯೂ ಕಾರುಗಳೊಂದಿಗೆ ಇದನ್ನು ಜಾರಿಗೆ ತಂದಾಗ ಇನ್ನೊಂದು ಅನುಕೂಲವನ್ನೂ ಸೇರಿಸಿತು: ಫೋನಿನ ಬ್ಯಾಟರಿ ಮುಗಿದು ಪರದೆ ಆರಿದ ಮೇಲೂ ಸುಮಾರು ಐದು ಗಂಟೆಗಳವರೆಗೆ ಅದನ್ನು ಬಾಗಿಲ ಹಿಡಿಗೆ ತಾಗಿಸಿ ಕಾರು ತೆರೆಯಬಹುದು. ಎನ್‌ಎಫ್‌ಸಿ ಎಂಬ, ತಾಗಿಸಿದಾಗ ಮಾತ್ರ ಕೆಲಸ ಮಾಡುವ ಈ ರೇಡಿಯೋ ತಂತ್ರದ ಗುಣ ಅದು. ಪ್ಲಾಸ್ಟಿಕ್ ಕಾರ್ಡಿನಲ್ಲಂತೂ ಬ್ಯಾಟರಿಯೇ ಇರುವುದಿಲ್ಲ. ಕಾರಿನ ಓದುಗ ಸಾಧನವೇ ಅದಕ್ಕೆ ಬೇಕಾದ ಅಲ್ಪ ಶಕ್ತಿಯನ್ನು ಗಾಳಿಯಲ್ಲಿ ಒದಗಿಸುತ್ತದೆ. ಇದು ನಿಜವಾದ ಅರ್ಥದಲ್ಲಿ ಕೈ.

ಆದರೆ ಎಲ್ಲ ಕಾರುಗಳೂ ಹಾಗಿಲ್ಲ. ಅನೇಕ ತಯಾರಕರ ಆ್ಯಪ್‌ಗಳಲ್ಲಿ ಇರುವುದು ಸರ್ವರ್ ಮೂಲಕ ಹೋಗುವ ಅರ್ಜಿ ಮಾತ್ರ. ಬ್ಲೂಟೂತ್ ಜೋಡಣೆ ಇರುವಲ್ಲೂ ಅದು ನಾಜೂಕಿನದು. ಆ್ಯಪನ್ನು ಹಿನ್ನೆಲೆಯಿಂದ ಅಳಿಸಿದರೆ, ಸ್ಥಳದ ಮಾಹಿತಿಗೆ ಕೊಟ್ಟ ಅನುಮತಿಯನ್ನು ಹಿಂಪಡೆದರೆ, ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ ತಾನಾಗಿಯೇ ಅದನ್ನು ಮಲಗಿಸಿದರೆ, ಕೈ ಕೆಲಸ ಮಾಡುವುದಿಲ್ಲ. ಹೊಸ ಫೋನು ಕೊಂಡಾಗ ಚಿತ್ರಗಳು, ಸಂದೇಶಗಳು, ಸಂಪರ್ಕ ಸಂಖ್ಯೆಗಳೆಲ್ಲ ತಾವಾಗಿ ಬರುತ್ತವೆ. ಕಾರಿನ ಜೋಡಣೆಯೂ ಅದೇ ಗುಂಪಿನಲ್ಲಿ ಬಂದಿತೆಂದು ನಂಬಿದವರು ಪರೀಕ್ಷಿಸಿ ನೋಡುವುದು ಒಳ್ಳೆಯದು. ಆ್ಯಪ್ ಬರುತ್ತದೆ, ಖಾತೆ ಬರುತ್ತದೆ. ಕೈಯನ್ನು ಮಾತ್ರ ಸಾಮಾನ್ಯವಾಗಿ ಮತ್ತೆ ಹೊಸದಾಗಿ ಪಡೆಯಬೇಕು.

ಪರೀಕ್ಷೆ ಬಹಳ ಸುಲಭ. ಮನೆಯ ಮುಂದೆ ಕಾರು ನಿಂತಿರುವಾಗಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ಬ್ಲೂಟೂತನ್ನು ಮಾತ್ರ ಮತ್ತೆ ಚಾಲೂ ಮಾಡಿ ಬಾಗಿಲು ತೆರೆಯಿರಿ. ಬಳಿಕ ಕಾರನ್ನು ಹತ್ತು ಅಡಿ ಮುಂದಕ್ಕೆ ಓಡಿಸಿ. ಆಯಿತೆಂದರೆ ನಿಮ್ಮಲ್ಲಿರುವುದು ಕೈ. ಬಾಗಿಲು ಅಲುಗದಿದ್ದರೆ ನಿಮ್ಮಲ್ಲಿರುವುದು ಅರ್ಜಿ. ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರ ಫೋನಿನಲ್ಲೂ ಇದನ್ನು ಮಾಡಿ ನೋಡಬೇಕು. ನಮ್ಮ ಮನೆಯಲ್ಲಿ ಮಾಡಿದ್ದರೆ ಬಿಗ್ ಸರ್‌ನಲ್ಲಿ ಅಮ್ಮ ಗಾಳಿಯಲ್ಲಿ ನಿಲ್ಲಬೇಕಿರಲಿಲ್ಲ.

ಈ ಪರೀಕ್ಷೆಗೂ ಸಿಗದ ಒಂದು ದೋಷವಿದೆ. ಬ್ಯಾಟರಿ ಕಾರುಗಳಲ್ಲೂ ಬಾಗಿಲ ಬೀಗಕ್ಕೆ ಶಕ್ತಿ ಕೊಡುವುದು ದೊಡ್ಡ ಬ್ಯಾಟರಿಯಲ್ಲ, ಕಡಿಮೆ ವೋಲ್ಟೇಜಿನ ಪುಟ್ಟ ಬ್ಯಾಟರಿ. ಅದು ಸತ್ತರೆ ಫೋನೂ ಕಾರ್ಡೂ ಒಂದೇ. ಕೇಳುವ ಕಿವಿಯೇ ಕಾರಿನಲ್ಲಿರುವುದಿಲ್ಲ. ಹಳೆಯ ಮಾದರಿಯ ಕೀಯೊಳಗೆ ಅಡಗಿಸಿಟ್ಟ ಲೋಹದ ಕೀ ಇಂಥ ಹೊತ್ತಿಗೆ ಒದಗುತ್ತಿತ್ತು. ಕೆಲವು ಹೊಸ ಕಾರುಗಳ ಹೊರಮೈಯಲ್ಲಿ ಅದಕ್ಕೆ ರಂಧ್ರವೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಬಾಗಿಲ ಹಿಡಿಗಳ ಬಗ್ಗೆ ತನಿಖೆ ಆರಂಭಿಸಿತು; ಅದರ ವ್ಯಾಪ್ತಿಗೆ ಬಂದವು ಸುಮಾರು 1,74,000 ಕಾರುಗಳು. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಬಿಟ್ಟು ಕೆಳಗಿಳಿದ ತಂದೆತಾಯಿಗಳಿಗೆ ಮತ್ತೆ ಬಾಗಿಲು ತೆರೆಯಲಾಗದೆ, ಕೆಲವರು ಗಾಜು ಒಡೆಯಬೇಕಾಗಿ ಬಂದಿತ್ತು. ಇಂಥ ಸಂದರ್ಭದಲ್ಲಿ ಮಾತನಾಡಬೇಕಾದದ್ದು ಸೌಕರ್ಯದ ಬಗ್ಗೆ ಅಲ್ಲ.

ಹಾಗೆಂದು ಲೋಹದ ಕೀಯ ಕಾಲ ಸ್ವರ್ಣಯುಗವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಲೋಹದ ಕೀ ಮಾತ್ರ ಇದ್ದು, ಎಲೆಕ್ಟ್ರಾನಿಕ್ ತಡೆ ಇಲ್ಲದ ಹಲವು ಕಿಯಾ, ಹ್ಯುಂಡೈ ಕಾರುಗಳನ್ನು ಅಮೆರಿಕದಲ್ಲಿ ಹುಡುಗರು ಆಟದಂತೆ ಕದ್ದದ್ದು ಈಚಿನ ವರ್ಷಗಳದೇ ಕಥೆ. ಅತ್ತ ಬ್ಲೂಟೂತ್ ಕೂಡ ಅಭೇದ್ಯವಲ್ಲ: ಮನೆಯೊಳಗಿನ ಫೋನಿನ ಸಂಕೇತವನ್ನು ಹಿಡಿದು ಹೊರಗಿನ ಕಾರಿಗೆ ದಾಟಿಸುವ ವಿಧಾನದಿಂದ ಟೆಸ್ಲಾ ಮಾಡೆಲ್ 3 ಕಾರನ್ನು ತೆರೆದು ಓಡಿಸಬಹುದೆಂದು 2022ರ ಮೇ ತಿಂಗಳಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ ತೋರಿಸಿಕೊಟ್ಟಿತು. ಹದಿನೆಂಟು ತುಂಬಿದ ಮಗನಿಗೆ ಫೋನಿನ ಮೂಲಕವೇ ಕೀ ಕಳಿಸುವ, ಬೇಡವೆಂದಾಗ ಹಿಂಪಡೆಯುವ ಸೌಲಭ್ಯವನ್ನು ಬಿಡಲು ನಾನೂ ಸಿದ್ಧನಿಲ್ಲ. ನನ್ನ ತಕರಾರು ಫೋನಿನ ಮೇಲಲ್ಲ; ಕೈಯನ್ನು ಕಿತ್ತುಕೊಂಡು ಅರ್ಜಿಯನ್ನು ಕೊಡುವ ವ್ಯಾಪಾರದ ಮೇಲೆ.

ಆ ವ್ಯಾಪಾರ ಎಲ್ಲಿಗೆ ಹೋಗಬಹುದೆಂಬುದಕ್ಕೆ ಸುಳಿವುಗಳಿವೆ. ಟೊಯೋಟಾದ ಕೆಲವು ಕಾರುಗಳಲ್ಲಿ ಕೀಯ ಗುಂಡಿಯಿಂದ ಎಂಜಿನ್ ಚಾಲೂ ಮಾಡುವ ಸೌಲಭ್ಯವೂ ಪ್ರಾಯೋಗಿಕ ಅವಧಿಯ ನಂತರ ಚಂದಾ ಕಟ್ಟಿದವರಿಗೆ ಮಾತ್ರ ಎಂಬುದು 2021ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದು ಗದ್ದಲವಾಯಿತು. ಆ ಗುಂಡಿಗೆ ಸರ್ವರ್‌ನ ಅಗತ್ಯವೇ ಇರಲಿಲ್ಲ. 2022ರಲ್ಲಿ ಅಮೆರಿಕದ ಕಂಪನಿಗಳು ಒಂದರ ಹಿಂದೊಂದು 3ಜಿ ಜಾಲವನ್ನು ಮುಚ್ಚಿದಾಗ, ಅದನ್ನೇ ನಂಬಿದ್ದ ಹಳೆಯ ಕಾರುಗಳ ದೂರನಿಯಂತ್ರಣ ಸೇವೆಗಳು ಶಾಶ್ವತವಾಗಿ ನಿಂತವು. 2024ರ ಜೂನ್‌ನಲ್ಲಿ ಫಿಸ್ಕರ್ ಎಂಬ ಕಾರು ಕಂಪನಿ ದಿವಾಳಿಯಾದಾಗ, ಅದರ ಸುಮಾರು ಮೂರು ಸಾವಿರ ಕಾರುಗಳನ್ನು ಕೊಳ್ಳಲು ಮುಂದಾಗಿದ್ದ ನ್ಯೂಯಾರ್ಕಿನ ಸಂಸ್ಥೆಯೊಂದು, ಆ ಕಾರುಗಳ ಸಂಪರ್ಕವನ್ನು ಹಳೆಯ ಸರ್ವರ್‌ನಿಂದ ಬೇರೆ ಸರ್ವರ್‌ಗೆ ವರ್ಗಾಯಿಸಲಾಗುವುದಿಲ್ಲವೆಂದು ತಿಳಿದು ನ್ಯಾಯಾಲಯದಲ್ಲಿ ಆಕ್ಷೇಪ ಎತ್ತಿತು. ಒಂದು ಸಂಜೆಯ ಸ್ಥಗಿತವೆಂದರೆ ಚಿಕ್ಕ ಮರಣ; ಇದು ದೊಡ್ಡದು. ಕಾರು ಮಾಲೀಕನದು, ಸರಿ. ಆದರೆ ಅದರ ಬಾಗಿಲ ಸಂವಾದ ಇನ್ನೊಬ್ಬರ ಯಂತ್ರದಲ್ಲಿ ನಡೆಯುವುದಾದರೆ ಆ ಒಡೆತನಕ್ಕೆ ಎಷ್ಟು ಬೆಲೆ?

ನಾವು ಕೇಳಬೇಕಾದದ್ದು ಹೆಚ್ಚೇನಲ್ಲ. ಜಾಲವಿಲ್ಲದಾಗ ಈ ಫೋನಿನಿಂದ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬುದನ್ನು ಆ್ಯಪ್ ತನ್ನ ಮೊದಲ ಪರದೆಯಲ್ಲೇ ಸ್ಪಷ್ಟವಾಗಿ ಹೇಳಬೇಕು. ಪರದೆಯ ಮೇಲಿನ ಒಂದು ಸಾಲು, ಅಷ್ಟೇ. ಕಾರ್ಡನ್ನೋ ಕೀಯನ್ನೋ ಹೆಚ್ಚಿನ ಬೆಲೆಗೆ ಮಾರುವ ಬಿಡಿಭಾಗವನ್ನಾಗಿ ಮಾಡದೆ ಕಾರಿನೊಂದಿಗೇ ಕೊಡಬೇಕು. ಬಾಡಿಗೆ ಕಾರಿನ ಸಂಸ್ಥೆಗಳಂತೂ, ಸಿಗ್ನಲ್ ಇಲ್ಲದ ಕಡೆ ಕಾರು ನಿಂತರೆ ಏನು ಮಾಡಬೇಕೆಂಬುದನ್ನು ಸಿಗ್ನಲ್ ಇರುವಾಗಲೇ ತಿಳಿಸಬೇಕು.

ಕೊನೆಗೆ, ನಮ್ಮಂತೆ ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ ಒಂದು ವಿಶೇಷ ತೊಡಕಿದೆ. ಕಾರನ್ನು ವಿಮಾನ ನಿಲ್ದಾಣದ ನಿಲುಗಡೆಯಲ್ಲಿ ಬಿಟ್ಟು ನಾಲ್ಕು ವಾರ ಬೆಂಗಳೂರಿಗೆ ಹೋಗುತ್ತೇವೆ. ಅಲ್ಲಿ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಫೋನು ಕಳೆದುಹೋಯಿತೆನ್ನಿ. ಹೊಸ ಫೋನು ಅರ್ಧ ಗಂಟೆಯಲ್ಲಿ ಸಿಗುತ್ತದೆ. ಆದರೆ ಕಾರಿನ ಖಾತೆಗೆ ಲಾಗಿನ್ ಆಗಲು ಬರುವ ಒಟಿಪಿ ಹೋಗುವುದು ಕಳೆದುಹೋದ ಫೋನಿನಲ್ಲಿದ್ದ ಅಮೆರಿಕದ ಸಂಖ್ಯೆಗೆ. ಆ ಸಂಖ್ಯೆಯನ್ನು ಮರಳಿ ಪಡೆಯಲು ಕಂಪನಿ ಕೇಳುವುದು ಅದೇ ಸಂಖ್ಯೆಗೆ ಬಂದ ಇನ್ನೊಂದು ಒಟಿಪಿ. ನಡುರಾತ್ರಿ ಬಂದಿಳಿದು, ನಿದ್ದೆಗಣ್ಣಿನ ಮಕ್ಕಳೊಂದಿಗೆ, ನಾಲ್ಕು ಸೂಟ್‌ಕೇಸುಗಳೊಂದಿಗೆ, ನಾಲ್ಕು ವಾರ ಅಲುಗದೆ ನಿಂತ ಕಾರಿನ ಮುಂದೆ ಈ ಸರಪಣಿಯನ್ನು ಬಿಡಿಸುತ್ತ ಕೂರಲಾಗದು. ಈಗ ನಾನು ಒಂದು ಕಾರ್ಡನ್ನು ಪಾಸ್‌ಪೋರ್ಟಿನ ಚೀಲದಲ್ಲಿ, ಫೋನಿನಿಂದ ದೂರ ಇಡುತ್ತೇನೆ. ಇನ್ನೊಂದು ಕಾರ್ಡು ಪಕ್ಕದ ಮನೆಯವರ ಹತ್ತಿರ ಇರುತ್ತದೆ. ಈ ವ್ಯವಸ್ಥೆಯನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ ಅವರಿಗೆ ಇದರಲ್ಲಿ ಹೊಸದೇನಿದೆ ಎಂಬುದೇ ಅರ್ಥವಾಗಲಿಲ್ಲ.